ಇಂಗ್ಲಿಷಿನ ‘ಸ್ನೀಕ್’ ಪದದ ಅರ್ಥವೇನು? ಅದು ಎಲ್ಲಿಂದ ಬಂತು?

ಯಾರ ಕಣ್ಣಿಗೂ ಬೀಳದಂತೆ, ಸದ್ದಿಲ್ಲದೆ ಓಡಾಡುವುದು ‘ಸ್ನೀಕ್’. ಕನ್ನಡದಲ್ಲಿ ‘ಕಳ್ಳಹೆಜ್ಜೆ ಇಡು’ ಅನ್ನುವುದೇ ಹತ್ತಿರದ ಮಾತು. ಒಳಗೆ ಬರುವುದಾದರೆ ‘ನುಸುಳು’, ಹೊರಗೆ ಹೋಗುವುದಾದರೆ ‘ಜಾರಿಕೊಳ್ಳು’. ‘ಹೊಂಚು ಹಾಕು’ ಅಂತ ಅನುವಾದಿಸಿದರೆ ತಪ್ಪಾಗುತ್ತದೆ. ಹೊಂಚು ಹಾಕುವವನು ಒಂದೇ ಕಡೆ ಅಡಗಿ ಕಾಯುತ್ತಾನೆ, ಅದು ‘ಲರ್ಕ್’. ಸ್ನೀಕ್‌ನಲ್ಲಿ ಚಲನೆ ಇರಲೇಬೇಕು, ಜೊತೆಗೆ ಸಿಕ್ಕಿಬೀಳುವ ಅಳುಕೂ ಇರುತ್ತದೆ.

ಬರಹದಲ್ಲಿ ಈ ಪದ ಕಾಣಿಸುವುದು 16ನೇ ಶತಮಾನದ ಕೊನೆಗೆ. ತೆವಳು ಎಂಬ ಅರ್ಥದ ಹಳೆಯ ಇಂಗ್ಲಿಷಿನ ‘ಸ್ನೀಕನ್’ ಇದರ ಮೂಲವಿರಬಹುದು ಎನ್ನುತ್ತಾರೆ. ಆದರೆ ಒಂದು ತೊಡಕಿದೆ. ಹಳೆಯ ಇಂಗ್ಲಿಷಿನ ಆ ದೀರ್ಘ ‘ಈ’ ಮುಂದೆ ‘ಐ’ ಆಗಬೇಕಿತ್ತು: ‘ರೀಡನ್’ ಹೋಗಿ ‘ರೈಡ್’ ಆದ ಹಾಗೆ. ಆ ಲೆಕ್ಕದಲ್ಲಿ ಇವತ್ತು ನಾವು ‘ಸ್ನೈಕ್’ ಎನ್ನಬೇಕಿತ್ತು! ಹಾಗಾಗಿ ನಂಟು ನಿಜವಿದ್ದರೂ ಅದು ನೇರ ದಾರಿಯದಲ್ಲ, ಯಾವುದೋ ಆಡುನುಡಿಯ ಮೂಲಕ ಬಂದದ್ದು ಅನ್ನುವುದೇ ಹೆಚ್ಚು ಒಪ್ಪುವ ಮಾತು.

ಭೂತಕಾಲದಲ್ಲಿ ‘ಸ್ನೀಕ್ಡ್’ ಹಳೆಯ ರೂಪ. ‘ಸ್ನಕ್’ 19ನೇ ಶತಮಾನದ ಕೊನೆಗೆ ಅಮೆರಿಕದಲ್ಲಿ ಹುಟ್ಟಿದ್ದು, ಈಗ ಎರಡೂ ನಡೆಯುತ್ತವೆ. ಪರೀಕ್ಷೆಯಲ್ಲೋ ಕಚೇರಿ ಪತ್ರದಲ್ಲೋ ‘ಸ್ನೀಕ್ಡ್’ ಬರೆಯುವುದೇ ಕ್ಷೇಮ.

ಅಂದ ಹಾಗೆ, ‘ಸ್ನೀಕರ್ಸ್’ ಬೂಟಿಗೂ ಹೆಸರು ಬಂದದ್ದು ಇಲ್ಲಿಂದಲೇ. ಅದರ ರಬ್ಬರ್ ಅಟ್ಟೆ ಚರ್ಮದ ಅಟ್ಟೆಯಂತೆ ಟಕಟಕ ಅನ್ನುವುದಿಲ್ಲ.