ಹಳೇ ಮಾತ್ರೆ ತಾನೇ, ಏನ್ ಮಹಾ ಆಗತ್ತೆ?

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಇದೆ, ಅದೇ ದೇಹದ ರೋಗನಿರೋಧಕ ಶಕ್ತಿನೇ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳು ಮಾಡೋ ಕಾಯಿಲೆ. ಹೊಸ ಅಟ್ಯಾಕ್ ಬರದೇ ಇರೋಕೆ ಇಂಜೆಕ್ಷನ್ ನಡೀತಿದೆ, ಆದ್ರೆ ಈಗಾಗ್ಲೇ ಹಾಳಾಗಿರೋ ನರ ರಿಪೇರಿ ಆಗೋಕೆ ಔಷಧಿ ಇಲ್ಲ ಅಂತಾರೆ. ಕ್ಲೆಮಾಸ್ಟಿನ್ ಅನ್ನೋ ಅಲರ್ಜಿ ಮಾತ್ರೆ, ಜೊತೆಗೆ ಶುಗರ್‌ಗೆ ಕೊಡೋ ಮೆಟ್‌ಫಾರ್ಮಿನ್ ತಗೊಂಡ್ರೆ ಆ ಹೊದಿಕೆ, ಅಂದ್ರೆ ಮೈಲಿನ್, ವಾಪಸ್ ಬೆಳೆಯತ್ತೆ ಅಂತ ಎಲ್ಲೋ ಓದಿ ಹಟ ಹಿಡಿದಿದಾಳೆ. ಎರಡೂ ಹಳೇ ಮಾತ್ರೆ, ಸೈಡ್ ಎಫೆಕ್ಟ್ ಏನ್ ಮಹಾ ಇರತ್ತೆ ಅಂತಾಳೆ. ನಾನೇನ್ ಹೇಳ್ಲಿ?

ಉತ್ತರ: ನಿಮ್ಮ ತಂಗಿ ಓದಿರೋದು ಸುಳ್ಳಲ್ಲ. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 50 ಎಂಎಸ್ ಪೇಷೆಂಟ್‌ಗಳ ಮೇಲೆ ನಡೆದ ರೀಬಿಲ್ಡ್ ಅನ್ನೋ ಔಷಧಿ ಟ್ರಯಲ್ ರಿಸಲ್ಟ್ ಬಂತು, ಕ್ಲೆಮಾಸ್ಟಿನ್ ತಗೊಂಡಾಗ ಕಣ್ಣಿನ ನರದ ಸಿಗ್ನಲ್ ಸ್ವಲ್ಪ ಬೇಗ ಮೆದುಳಿಗೆ ಮುಟ್ತಿತ್ತು. ಎಷ್ಟು ಬೇಗ ಅಂದ್ರೆ 1.7 ಮಿಲಿಸೆಕೆಂಡ್. ತಲೆ ಹಿಂದೆ ಎಲೆಕ್ಟ್ರೋಡ್ ಅಂಟಿಸಿ, ಸ್ಕ್ರೀನ್ ಮೇಲೆ ಕಪ್ಪು ಬಿಳಿ ಚೌಕ ತೋರಿಸಿ ಅಳೀತಾರಲ್ಲ ಆ ಟೆಸ್ಟ್‌ನಲ್ಲಿ ನಾರ್ಮಲ್ ಸುಮಾರು 100 ಮಿಲಿಸೆಕೆಂಡ್ ಇರತ್ತೆ, ಅದರಲ್ಲಿ ಇಷ್ಟು. ಮೈಲಿನ್ ಬೆಳೆಸೋಕೆ ಸಾಧ್ಯ ಅಂತ ತೋರಿಸಿದ್ದಕ್ಕೆ ವಿಜ್ಞಾನಿಗಳಿಗೆ ಇದು ದೊಡ್ಡದೇ, ಆದ್ರೆ ಮೆಟ್ಟಿಲು ಹತ್ತುವಾಗ ಕಾಲಿಗೆ ಗೊತ್ತಾಗೋ ವ್ಯತ್ಯಾಸ ಅಲ್ಲ.

ಇನ್ನು ಹಳೇ ಮಾತ್ರೆ ಅನ್ನೋ ಧೈರ್ಯದ ವಿಷ್ಯ. ಅಲರ್ಜಿಗೆ ಸಾಮಾನ್ಯವಾಗಿ 1.34 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಡೋದು, ಆ ಟ್ರಯಲ್‌ನಲ್ಲಿ ಕೊಟ್ಟಿದ್ದು 5.36 ಮಿಲಿಗ್ರಾಂ ಎರಡು ಸಲ, ಅಂದ್ರೆ ನಾಲ್ಕು ಪಟ್ಟು, ಅದೂ ತಿಂಗಳುಗಟ್ಟಲೆ. ಹಳೇ ಮಾತ್ರೆ ಸೇಫ್ ಅಂತ ನಾವು ನಂಬಿರೋದು ಹಳೇ ಡೋಸ್‌ಗೆ, ಹಳೇ ಕಾಯಿಲೆಯವರಿಗೆ. ಎಂಎಸ್ ಇರೋರಿಗೆ ಮೊದಲೇ ವಿಪರೀತ ಸುಸ್ತು, ಅದರ ಮೇಲೆ ತೂಕಡಿಸೋ ಮಾತ್ರೆ, ಆ ಟ್ರಯಲ್‌ನಲ್ಲೂ ಸುಸ್ತು ಜಾಸ್ತಿ ಆಗಿದ್ದು ದಾಖಲಾಗಿದೆ.

ಆದ್ರೆ ನನಗೆ ಜಾಸ್ತಿ ಯೋಚನೆ ಆಗೋದು ಮೂತ್ರಕೋಶದ್ದು. ಪದೇ ಪದೇ ಅವಸರ ಆಗತ್ತೆ ಅಂತ ಎಂಎಸ್‌ನವರು ಎಷ್ಟೋ ಜನ ಆಕ್ಸಿಬ್ಯುಟಿನಿನ್ನೋ ಸಾಲಿಫೆನಾಸಿನ್ನೋ ತಗೋತಿರ್ತಾರೆ, ಕ್ಲೆಮಾಸ್ಟಿನ್ ಕೂಡ ಅದೇ ದಾರೀಲಿ ಕೆಲಸ ಮಾಡತ್ತೆ, ಎರಡೂ ಸೇರಿದ್ರೆ ಬಾಯಿ ಒಣಗೋದು, ಮಲಬದ್ಧತೆ ಅಷ್ಟೇ ಅಲ್ಲ, ಮೂತ್ರ ಪೂರ್ತಿ ಖಾಲಿ ಆಗದೆ ಒಳಗೇ ಉಳಿದು ಇನ್‌ಫೆಕ್ಷನ್ ಆಗಿ ಜ್ವರ ಬಂದು, ಜ್ವರದಿಂದ ಕಾಲು ಇನ್ನೂ ಸೋತು, ಮನೆಯವರೆಲ್ಲ ಹೊಸ ಅಟ್ಯಾಕ್ ಅಂದ್ಕೊಂಡು ಗಾಬರಿ ಆಗೋ ತನಕ ಹೋಗತ್ತೆ. ಬೆವರೂ ಕಡಿಮೆ ಆಗತ್ತೆ, ಬಿಸಿ ತಡೆಯದ ಎಂಎಸ್ ದೇಹಕ್ಕೆ ಅದೂ ಒಂದು ಕಷ್ಟ.

ಇನ್ನೊಂದು ಸೀರಿಯಸ್ ವಿಷ್ಯ. ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಒಂದು ಟ್ರಯಲ್‌ನಲ್ಲಿ ಕ್ಲೆಮಾಸ್ಟಿನ್ ತಗೊಂಡ 9 ಜನರಲ್ಲಿ 3 ಜನಕ್ಕೆ ಅಂಗವೈಕಲ್ಯ ವೇಗವಾಗಿ ಹೆಚ್ಚಾಗಿ, ಆ ಭಾಗವನ್ನೇ ನಿಲ್ಲಿಸಿದ್ರು. ಚಿಕ್ಕ ಸಂಖ್ಯೆ ನಿಜ, ಹಾಗಂತ ಪಕ್ಕಕ್ಕಿಡೋ ಸಂಖ್ಯೆ ಅಲ್ಲ.

ಮೆಟ್‌ಫಾರ್ಮಿನ್ ಇದಕ್ಕಿಂತ ಸೌಮ್ಯ. ವಯಸ್ಸಾದ ಇಲಿಗಳಲ್ಲಿ ಮೈಲಿನ್ ರಿಪೇರಿ ಶಕ್ತಿ ವಾಪಸ್ ಬಂತು ಅಂತ ಕೇಂಬ್ರಿಡ್ಜ್‌ನವರು 2019ರಲ್ಲಿ ತೋರಿಸಿದ್ರು, ಆಮೇಲೆ ಎರಡೂ ಮಾತ್ರೆ ಸೇರಿಸಿ 70 ಜನರ ಮೇಲೆ ನೋಡಿದ್ರು, 2025ರ ಫಲಿತಾಂಶದಲ್ಲೂ ಸಿಗ್ನಲ್‌ನಲ್ಲಿ ಸಣ್ಣ ವ್ಯತ್ಯಾಸ ಬಂತೇ ಹೊರತು ಓಡಾಟ ಸುಧಾರಿಸಲಿಲ್ಲ. ಶುರುವಿನಲ್ಲಿ ಭೇದಿ ಆಗಬಹುದು, ಕಿಡ್ನಿ ವೀಕ್ ಇದ್ರೆ ಕೊಡೋ ಹಾಗಿಲ್ಲ. ವರ್ಷಗಟ್ಟಲೆ ತಗೊಂಡ್ರೆ ವಿಟಮಿನ್ ಬಿ12 ಇಳಿಯಬಹುದು, ಬಿ12 ಇಳಿದ್ರೆ ಪಾದ ಜೋಮು, ನಡಿಗೆ ತೂರಾಟ, ಥೇಟ್ ಎಂಎಸ್ ಥರಾನೇ! ಕಾಯಿಲೆ ಹೆಚ್ಚಾಯ್ತಾ ಮಾತ್ರೆ ಮಾಡಿದ್ದಾ ಅಂತ ಯಾರಿಗೂ ಗೊತ್ತಾಗಲ್ಲ.

ಹಾಗಾಗಿ ಅವಳೇ ತಂದು ಶುರು ಮಾಡೋದು ಬೇಡ, ನಡೀತಿರೋ ಇಂಜೆಕ್ಷನ್ ಅಂತೂ ನಿಲ್ಲಿಸಲೇಬಾರದು. ಸದ್ಯಕ್ಕೆ ಕ್ಲೆಮಾಸ್ಟಿನ್ ಟ್ರಯಲ್ ಹೊರಗೆ ತಗೊಳ್ಳೋದಕ್ಕೆ ನನ್ನ ಮತ ಇಲ್ಲ. ಮೆಟ್‌ಫಾರ್ಮಿನ್‌ಗೆ ಅವಳ ನ್ಯೂರಾಲಜಿಸ್ಟ್ ಒಪ್ಪಿದ್ರೆ ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ ಟೆಸ್ಟ್, ಬಿ12 ಟೆಸ್ಟ್ ಮೊದಲೇ ಮಾಡಿಸಿ, 25 ಅಡಿ ನಡೆಯೋಕೆ ಎಷ್ಟು ಸೆಕೆಂಡ್ ಬೇಕು, ರಾತ್ರಿ ಎಷ್ಟು ಸಲ ಏಳ್ತಾಳೆ ಅಂತ ಬರೆದಿಟ್ಕೊಳ್ಳಿ, ಆಮೇಲೆ ಹೋಲಿಸೋಕೆ ಏನಾದ್ರೂ ಇರತ್ತೆ.

ಪ್ರಶ್ನೆ: ಹಾಗಾದ್ರೆ ಹೈ ಡೋಸ್ ಬಯೋಟಿನ್? ಅದು ಬರೀ ವಿಟಮಿನ್ ಅಲ್ವಾ?

ಉತ್ತರ: ದಿನಕ್ಕೆ 300 ಮಿಲಿಗ್ರಾಂ ಕೊಟ್ಟು 642 ಜನರ ಮೇಲೆ ನೋಡಿದ್ರು, 2020ರಲ್ಲಿ ಉಪಯೋಗ ಇಲ್ಲ ಅಂತ ಬಂತು. ಮೇಲಾಗಿ ಅಷ್ಟು ಬಯೋಟಿನ್ ರಕ್ತದಲ್ಲಿದ್ರೆ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು, ಹಾರ್ಟ್ ಅಟ್ಯಾಕ್ ಗುರುತಿಸೋ ಟ್ರೋಪೋನಿನ್ ಕೂಡ ಸುಳ್ಳೇ ಕಡಿಮೆ ತೋರಿಸಬಹುದು. ಈಗಾಗ್ಲೇ ತಗೋತಿದ್ರೆ ಬ್ಲಡ್ ಕೊಡೋ ಮುಂಚೆ ಡಾಕ್ಟ್ರಿಗೂ ಲ್ಯಾಬ್‌ನವರಿಗೂ ಹೇಳಿ.