ಆರೋಗ್ಯ ಪ್ರಶ್ನೋತ್ತರ: ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ನಂತರ ನಿಧಾನವಾಗಿ ಉಣ್ಣುವುದು

ಪ್ರಶ್ನೆ: ನನಗೆ 43 ವರ್ಷ. ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ತೂಕ ಮತ್ತು ಸಕ್ಕರೆ ಕಾಯಿಲೆಯ ಕಾರಣಕ್ಕೆ ಮೂರು ತಿಂಗಳ ಹಿಂದೆ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ತೂಕ ಇಳಿಯುತ್ತಿದೆ. ಆದರೆ ಊಟಕ್ಕೆ ಕುಳಿತರೆ ನಾಲ್ಕೈದು ತುತ್ತಿಗೇ ಎದೆಯ ನಡುವೆ ಏನೋ ಸಿಕ್ಕಿಕೊಂಡಂತಾಗುತ್ತದೆ, ಬಾಯಿ ತುಂಬ ಜೊಲ್ಲು ಬರುತ್ತದೆ, ಎದ್ದು ಹೋಗಿ ನೊರೆನೊರೆಯಾಗಿ ವಾಂತಿ ಮಾಡಿಕೊಳ್ಳುತ್ತೇನೆ. ವೈದ್ಯರು ‘ನಿಧಾನವಾಗಿ ತಿನ್ನಿ’ ಎನ್ನುತ್ತಾರೆ. ಚಿಕ್ಕಂದಿನಿಂದಲೂ ಐದು ನಿಮಿಷದಲ್ಲಿ ಉಂಡು ಏಳುವವನಿಗೆ ನಿಧಾನ ಎಂದರೆ ಹೇಗೆಂಬುದೇ ತಿಳಿಯುತ್ತಿಲ್ಲ. ಶಸ್ತ್ರಚಿಕಿತ್ಸೆಯಲ್ಲೇ ದೋಷವಿರಬಹುದೇ?
– ಹೆಸರು ಬೇಡ, ಗಂಗಾವತಿ

ಉತ್ತರ: ನೀವು ಬರೆದಿರುವ ಲಕ್ಷಣಗಳು ಬೇಗ ಉಣ್ಣುವವರಲ್ಲಿ ಈ ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಕಾಣುವಂಥವು. ಆದರೂ ಒಂದು ವಿಷಯವನ್ನು ಮೊದಲು ಖಚಿತಪಡಿಸಿಕೊಳ್ಳಿ. ಗಂಜಿ, ಮಜ್ಜಿಗೆಯಂತಹ ದ್ರವಗಳೂ ಇಳಿಯದಿದ್ದರೆ, ಅಥವಾ ಎಷ್ಟು ನಿಧಾನವಾಗಿ ತಿಂದರೂ ದಿನವೂ ವಾಂತಿಯಾಗುತ್ತಿದ್ದರೆ, ಉಳಿಸಿದ ಜಠರ ಎಲ್ಲಾದರೂ ಕಿರಿದಾಗಿದೆಯೇ ಎಂದು ಶಸ್ತ್ರಚಿಕಿತ್ಸಕರು ಎಂಡೋಸ್ಕೋಪಿ ಮಾಡಿ ನೋಡಬೇಕಾಗುತ್ತದೆ. ವಾಂತಿ ವಾರಗಟ್ಟಲೆ ಮುಂದುವರಿದರೆ ಬಿ1 ಜೀವಸತ್ವ ಕೊರತೆಯಾಗಿ ಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು, ದೃಷ್ಟಿ ಎರಡೆರಡಾಗುವುದು ಮುಂತಾದ ಗಂಭೀರ ತೊಂದರೆಗಳು ಬರಬಹುದು. ಆದ್ದರಿಂದ ದಿನವೂ ಹೀಗಾಗುತ್ತಿದ್ದರೆ ಈ ಉತ್ತರವನ್ನು ಓದಿ ಸುಮ್ಮನಿರದೆ ಈ ವಾರವೇ ಅವರನ್ನು ಕಾಣಿರಿ.

ಇನ್ನು ನಿಧಾನವೇಕೆ ಎಂಬ ವಿಚಾರ. ಸ್ಲೀವ್‌ನಲ್ಲಿ ಜಠರದ ಶೇ 75ರಿಂದ 80ರಷ್ಟನ್ನು ತೆಗೆದು, ಉಳಿದುದನ್ನು ಉದ್ದನೆಯ ಕಿರಿದಾದ ಕೊಳವೆಯಾಗಿ ಉಳಿಸುತ್ತಾರೆ. ತೆಗೆದ ಭಾಗದಲ್ಲಿ ಜಠರದ ಮೇಲ್ತುದಿಯ ಗುಮ್ಮಟವೂ ಸೇರಿರುತ್ತದೆ. ಮೊದಲು ನೀವು ನುಂಗುತ್ತಿದ್ದಾಗಲೇ ಈ ಗುಮ್ಮಟ ಸಡಿಲಗೊಂಡು ಹಿಗ್ಗುತ್ತಿತ್ತು. ಒಂದರ ಹಿಂದೊಂದು ಬಂದ ತುತ್ತುಗಳು ಅಲ್ಲಿ ತಂಗಿ, ಸರದಿಯ ಮೇಲೆ ಕೆಳಗಿಳಿದು ನುರಿಯುತ್ತಿದ್ದವು. ಐದು ನಿಮಿಷದ ಊಟ ನಿಮಗೆ ಇಷ್ಟು ವರ್ಷ ದಕ್ಕಿದ್ದು ಆ ತಂಗುದಾಣ ಇದ್ದುದರಿಂದ. ಈಗ ಅದಿಲ್ಲ. ಅರೆಬರೆ ಜಗಿದ ಎರಡನೆಯ ತುತ್ತು ಮೊದಲಿನದು ಇಳಿಯುವ ಮುನ್ನವೇ ಬಂದರೆ ಕೊಳವೆಯೊಳಗೆ ಒತ್ತಡ ಏರುತ್ತದೆ, ಬಾಯಿ ಜೊಲ್ಲು ಸುರಿಸುತ್ತದೆ, ಅನ್ನನಾಳ ಅದರೊಂದಿಗೆ ತುತ್ತನ್ನು ಜಾರಿಸಲು ನೋಡುತ್ತದೆ, ಆಗದಿದ್ದಾಗ ಹೊರಗೆ ತಳ್ಳುತ್ತದೆ. ನಿಮಗೆ ಬರುವ ನೊರೆ ಬಹುಪಾಲು ಈ ಜೊಲ್ಲೇ.

ಹಸಿವನ್ನು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಹೆಚ್ಚಾಗಿ ತಯಾರಾಗುವುದೂ ತೆಗೆದ ಆ ಭಾಗದಲ್ಲೇ. ಹಾಗಾಗಿ ಈಗ ನಿಮ್ಮನ್ನು ಅವಸರಪಡಿಸುತ್ತಿರುವುದು ಬಹುಮಟ್ಟಿಗೆ ಕೈಯ ರೂಢಿ. ಬರೀ ಮನಸ್ಸಿನ ಸಂಕಲ್ಪದಿಂದ ಈ ರೂಢಿ ತಪ್ಪುವುದಿಲ್ಲ. ಊಟದ ಏರ್ಪಾಟನ್ನೇ ಬದಲಿಸಬೇಕು. ಗಂಗಾಳವನ್ನು ಬದಿಗಿಟ್ಟು ಚಿಕ್ಕ ಬಟ್ಟಲು ಮತ್ತು ಟೀ ಚಮಚ ತೆಗೆದುಕೊಳ್ಳಿ. ಕೈಯಲ್ಲಿ ಕಲಸಿದ ಅನ್ನ ತಾನಾಗಿ ಉಂಡೆಯಾಗುತ್ತದೆ, ಸಾರಿನ ಜೊತೆ ಜಗಿಯದೆಯೇ ಜಾರಿಹೋಗುತ್ತದೆ. ಸೋನಾ ಮಸೂರಿಯ ನಾಡಿನವರಾದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಜನರಿಗೆ ಸಿಕ್ಕಿಹಾಕಿಕೊಳ್ಳುವ ಪದಾರ್ಥಗಳಲ್ಲಿ ಅನ್ನವೂ ಒಂದು. ಅದಕ್ಕಿಂತ ರೊಟ್ಟಿಯೇ ಕಲಿಕೆಗೆ ಅನುಕೂಲವೆಂದು ನನ್ನ ಅನಿಸಿಕೆ, ಏಕೆಂದರೆ ಅದು ಜಗಿಯದೆ ಇಳಿಯುವುದಿಲ್ಲ. ಬಿಸಿ ಜೋಳದ ರೊಟ್ಟಿಯಿಂದ ಕಿರುಬೆರಳ ಉಗುರಿನಷ್ಟು ಚೂರು ಮುರಿದು, ಹೆಸರುಬೇಳೆಯಲ್ಲಿ ನೆನೆಸಿ ಬಾಯಿಗಿಡಿ. ಇಪ್ಪತ್ತೈದು ಮೂವತ್ತು ಸಲ ಜಗಿದಾಗ ನಾಲಿಗೆಗೆ ತರಿ ಸಿಗದಂತೆ ಅದು ಹಿಟ್ಟಾಗುತ್ತದೆ, ಜೋಳದ ಸಣ್ಣ ಸಿಹಿಯೂ ತಿಳಿಯುತ್ತದೆ, ಆಗ ನುಂಗಿ. ನುಂಗಿದ ಮೇಲೆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ನಿಮಿಷವಾದರೂ ಬಿಡಿ, ಮುಂದಿನ ಚೂರನ್ನು ಆಮೇಲೆ ಮುರಿಯಿರಿ. ಬಾಯಲ್ಲಿ ಒಂದು ತುತ್ತಿರುವಾಗಲೇ ಇನ್ನೊಂದನ್ನು ಸಿದ್ಧಪಡಿಸುವ ಅಭ್ಯಾಸವೇ ವೇಗದ ಮೂಲ. ಅದೊಂದು ನಿಂತರೆ ಅರ್ಧ ಕೆಲಸವಾದಂತೆ. ಕೆಲವು ವಾರ ಮೊಬೈಲ್, ಟಿ.ವಿ. ಮತ್ತು ಗಿರಣಿಯ ಲೆಕ್ಕ ಊಟದ ಹತ್ತಿರ ಸುಳಿಯದಿರಲಿ.

ಹೊಟ್ಟೆ ತುಂಬಿತೆಂಬ ಸೂಚನೆಯೂ ಈಗ ಬೇರೆಯಾಗಿದೆ. ಹಿಂದಿನಂತೆ ಹೊಟ್ಟೆ ಬಿಗಿಯುವವರೆಗೆ ಕಾದರೆ ತಡವಾಗುತ್ತದೆ. ಒಂದು ಬಿಕ್ಕಳಿಕೆ, ಮೂಗಿನಲ್ಲಿ ನೀರು, ತಾನಾಗಿ ಬರುವ ನಿಟ್ಟುಸಿರು, ಎದೆಗೂಡಿನ ಕೆಳಗೆ ಸಣ್ಣ ಭಾರ ಇವುಗಳಲ್ಲಿ ಯಾವುದಾದರೂ ಒಂದು ನಿಮ್ಮ ಗುರುತಾಗಿರುತ್ತದೆ. ಅದು ಕಂಡ ಕ್ಷಣ ನಿಲ್ಲಿಸಬೇಕು, ಬಟ್ಟಲಲ್ಲಿ ಒಂದೇ ಚಮಚ ಉಳಿದಿದ್ದರೂ ಸರಿಯೇ. ಅನ್ನ ಚೆಲ್ಲಬಾರದೆಂದು ಬೆಳೆದವರಿಗೆ ಇದು ಕಷ್ಟವೆಂದು ಬಲ್ಲೆ. ಅದಕ್ಕಾಗಿಯೇ ಮೊದಲು ಕಡಿಮೆ ಬಡಿಸಿಕೊಳ್ಳಿ. ಸಿಕ್ಕಿಕೊಂಡಾಗ ನೀರು ಕುಡಿದು ತಳ್ಳಲು ಹೋಗಬೇಡಿ, ನೀರು ಅದರ ಮೇಲೆಯೇ ನಿಂತು ನೋವು ಹೆಚ್ಚಾಗುತ್ತದೆ. ಎದ್ದು ನಿಧಾನವಾಗಿ ಅಡ್ಡಾಡಿ, ಹೆಚ್ಚಿನ ಸಲ ತಾನೇ ಇಳಿಯುತ್ತದೆ. ಊಟಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕುಳಿತು ಒಂದೊಂದೇ ಕಾಳು ಬಾಯಿಗೆ ಹಾಕಿಕೊಳ್ಳುವುದು ನಿಧಾನದ ಊಟವಾಗುವುದಿಲ್ಲ, ದಿನವಿಡೀ ಮೆಲ್ಲುವ ಅಭ್ಯಾಸಕ್ಕೆ ದಾರಿಯಾಗುತ್ತದೆ.

ಪ್ರಶ್ನೆ: ಮಗಳಿಗೆ ಈ ಶಸ್ತ್ರಚಿಕಿತ್ಸೆಯಾಗಿದೆ. ಮದುವೆ, ಜಾತ್ರೆಗಳಲ್ಲಿ ನೆಂಟರು ‘ಇದೇನ್ ಉಣ್ಣೂದು, ಇನ್ನೊಂದು ರೊಟ್ಟಿ ಹಾಕ್ಕೋ’ ಎಂದು ಒತ್ತಾಯಿಸುತ್ತಾರೆ. ಅವಳು ಸಂಕೋಚಕ್ಕೆ ತಿಂದು ನರಳುತ್ತಾಳೆ. ಏನು ಮಾಡಲಿ?
– ಒಬ್ಬ ತಾಯಿ, ಕೊಪ್ಪಳ

ಉತ್ತರ: ಅವಳ ಬದಲು ನೀವು ಮಾತನಾಡಿ. ‘ಹೊಟ್ಟೆಯ ಆಪರೇಷನ್ ಆಗಿದೆ, ಡಾಕ್ಟರು ಇಷ್ಟೇ ಅಂದಿದ್ದಾರೆ’ ಎಂದು ಹಿರಿಯರೊಬ್ಬರು ಹೇಳಿದರೆ ನಮ್ಮ ಕಡೆ ಬಡಿಸುವ ಕೈ ನಿಲ್ಲುತ್ತದೆ. ಯಾವ ಆಪರೇಷನ್ ಎಂದು ವಿವರಿಸುವ ಅಗತ್ಯವಿಲ್ಲ. ಪಂಕ್ತಿಯಲ್ಲಿ ಎಲ್ಲರೊಡನೆ ಏಳಬೇಕೆಂಬ ಅವಸರವೇ ಅವಳಿಗೆ ಹೆಚ್ಚು ತೊಂದರೆ ಕೊಡುತ್ತಿರಬಹುದು. ಮನೆಯಲ್ಲೇ ಮೊಸರನ್ನೋ ಬೇಯಿಸಿದ ಮೊಟ್ಟೆಯನ್ನೋ ನೆಮ್ಮದಿಯಾಗಿ ತಿನ್ನಿಸಿ ಕರೆದೊಯ್ದರೆ ಅಲ್ಲಿ ಎಲೆಯ ಮುಂದೆ ಕುಳಿತು ಎರಡು ಚಮಚ ಪಲ್ಯ ತಿಂದರೂ ಸಾಕಾಗುತ್ತದೆ.

ಪ್ರಶ್ನೆ: ನಾನು ಶಿಕ್ಷಕಿ. ತೂಕ ಇಳಿಸಲು ಜಠರದ ಬೈಪಾಸ್ ಆಗಿ ಏಳು ತಿಂಗಳಾಯಿತು. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಸಿಗುವುದು ಇಪ್ಪತ್ತು ನಿಮಿಷ. ಊಟದ ಜೊತೆ ನೀರು ಬೇಡವೆಂದಿದ್ದಾರೆ, ಈ ಬಿಸಿಲಿನಲ್ಲಿ ಅದು ಹೇಗೆ ಸಾಧ್ಯ? ಒಮ್ಮೆ ಸಹೋದ್ಯೋಗಿ ಕೊಟ್ಟ ಹೋಳಿಗೆ ತಿಂದು ಎದೆ ಡವಡವಗುಟ್ಟಿ, ಬೆವತು, ಭೇದಿಯಾಯಿತು. ಇದೂ ಬೇಗ ತಿಂದದ್ದರಿಂದಲೇ?
– ರಾಯಚೂರು

ಉತ್ತರ: ಬೈಪಾಸ್‌ನಲ್ಲಿ ಜಠರದ ಮೇಲ್ಭಾಗದಲ್ಲಿ ಸುಮಾರು 30 ಮಿಲಿಲೀಟರ್ ಹಿಡಿಸುವ ಪುಟ್ಟ ಚೀಲವನ್ನು ಮಾಡಿ ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಸಿಹಿ ಪದಾರ್ಥ ಆ ದಾರಿಯಲ್ಲಿ ಒಮ್ಮೆಲೇ ಕರುಳಿಗೆ ಇಳಿದಾಗ, ದೇಹದ ನೀರು ಅದರತ್ತ ಧಾವಿಸಿ, ನೀವು ಹೇಳಿದ ಲಕ್ಷಣಗಳು ಹತ್ತರಿಂದ ಮೂವತ್ತು ನಿಮಿಷದೊಳಗೆ ಕಾಣಿಸಿಕೊಳ್ಳುತ್ತವೆ. ಇದನ್ನು ಡಂಪಿಂಗ್ ಎನ್ನುತ್ತಾರೆ. ಅವಸರ ಇದನ್ನು ಹೆಚ್ಚಿಸುತ್ತದೆ ನಿಜ. ಆದರೆ ಹೋಳಿಗೆಯಲ್ಲಿ ಬೆಲ್ಲವೇ ಮುಖ್ಯ ಕಾರಣ, ಎಷ್ಟು ಜಗಿದರೂ ಅದು ಬೆಲ್ಲವೇ.

ನೀರಿನ ವಿಷಯದಲ್ಲಿ ನಿಮ್ಮ ಚಿಂತೆ ಸರಿಯಾದುದೇ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ, ದಿನವಿಡೀ ಪಾಠ ಹೇಳುವವರಿಗೆ ನಿರ್ಜಲೀಕರಣ ಬೇಗ ಆಗುತ್ತದೆ, ಈ ಶಸ್ತ್ರಚಿಕಿತ್ಸೆಯ ನಂತರ ರೋಗಿಗಳು ಆಸ್ಪತ್ರೆಗೆ ಮರಳುವ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು. ಊಟದ ವೇಳೆ ಮತ್ತು ಊಟವಾದ ಅರ್ಧ ಗಂಟೆ ನೀರನ್ನು ದೂರವಿಟ್ಟು, ಉಳಿದ ಹೊತ್ತೆಲ್ಲ ಗುಟುಕು ಗುಟುಕಾಗಿ ಕುಡಿದು ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ತಲುಪಬೇಕು. ಪ್ರತಿ ಪಿರಿಯಡ್‌ನ ಕೊನೆಗೆ ನಾಲ್ಕು ಗುಟುಕು ಎಂದಿಟ್ಟುಕೊಳ್ಳಿ. ತೆಳು ಮಜ್ಜಿಗೆಯೂ ಲೆಕ್ಕಕ್ಕೆ ಬರುತ್ತದೆ. ಇಪ್ಪತ್ತು ನಿಮಿಷದಲ್ಲಿ ಡಬ್ಬಿ ಮುಗಿಸಲು ಹೋಗದೆ, ಮೊದಲು ಕಾಳುಪಲ್ಯ ಅಥವಾ ಪನೀರ್ ತಿಂದು, ಉಳಿದುದನ್ನು ಸಂಜೆ ಶಾಲೆ ಬಿಟ್ಟ ಮೇಲೆ ತಿನ್ನಿರಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಸೇರಬೇಕಾದವರಿಗೆ ಅದೇ ಮೊದಲ ತುತ್ತಾಗಬೇಕು.

ಪ್ರಶ್ನೆ: ಸ್ಲೀವ್ ಆಗಿ ಎರಡು ವರ್ಷವಾಯಿತು. ಈಗ ಬೇಗ ತಿಂದರೂ ಏನೂ ಆಗುವುದಿಲ್ಲ. ಸಂಜೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಸಲೀಸಾಗಿ ಇಳಿಯುತ್ತವೆ. ಆದರೆ ಐದು ಕಿಲೋ ತೂಕ ಏರಿದೆ. ಇನ್ನೂ ನಿಧಾನವಾಗಿ ತಿನ್ನಲೇಬೇಕೇ?
– ಬಳ್ಳಾರಿ

ಉತ್ತರ: ತಿನ್ನಬೇಕು. ಮೊದಲ ತಿಂಗಳುಗಳಲ್ಲಿ ನೋವೇ ನಿಮ್ಮನ್ನು ತಡೆಯುತ್ತಿತ್ತು. ಕಾಲಕ್ರಮದಲ್ಲಿ ಜಠರ ಸ್ವಲ್ಪ ಹಿಗ್ಗಿ ಆ ತಡೆ ಸಡಿಲವಾಗಿದೆ. ಸಾಕೆನಿಸುವ ಸಂದೇಶ ಕರುಳಿನಿಂದ ಮೆದುಳಿಗೆ ಮುಟ್ಟಲು ಮಾತ್ರ ಈಗಲೂ ಸ್ವಲ್ಪ ಹೊತ್ತು ಬೇಕು. ಅಷ್ಟರೊಳಗೆ ತಿಂದದ್ದೆಲ್ಲ ಈಗ ನೋವಿಲ್ಲದೆ ಒಳಗೆ ಸೇರುತ್ತಿದೆ. ಮಂಡಕ್ಕಿಯ ಸ್ವಭಾವವನ್ನೂ ಗಮನಿಸಿ. ತಟ್ಟೆಯ ತುಂಬ ಕಾಣುವ ಅದು ಎರಡು ಸಲ ಜಗಿದರೆ ಕರಗಿಹೋಗುತ್ತದೆ, ಆ ಕಿರಿದಾದ ಕೊಳವೆಯಲ್ಲಿ ನಿಲ್ಲದೆ ಜಾರುತ್ತದೆ, ಎಣ್ಣೆಯನ್ನು ಜೊತೆಗೆ ಒಯ್ಯುತ್ತದೆ. ಅದಕ್ಕೇ ಸಲೀಸು. ಬೇಯಿಸಿದ ಕಡಲೆಕಾಳನ್ನೋ ಕೋಳಿ ತುಂಡನ್ನೋ ಅಷ್ಟೇ ತಿಂದಿದ್ದರೆ ಮಧ್ಯದಲ್ಲೇ ಸಾಕೆನಿಸುತ್ತಿತ್ತು.

ಒಗ್ಗರಣೆಯನ್ನು ಪೂರ್ತಿ ಬಿಡಿ ಎಂದು ಬಳ್ಳಾರಿಯವರಿಗೆ ನಾನು ಹೇಳಲಾರೆ. ವಾರಕ್ಕೊಮ್ಮೆ, ಮೊದಲು ಹೆಸರುಕಾಳೋ ಮೊಟ್ಟೆಯೋ ತಿಂದ ಮೇಲೆ, ಚಿಕ್ಕ ಬಟ್ಟಲಿನಲ್ಲಿ ಹಾಕಿಕೊಂಡು ಕುಳಿತು ತಿನ್ನಿರಿ. ಅಂಗಡಿಯ ಮುಂದೆ ನಿಂತು ತಿನ್ನುವುದು ಬೇಡ, ನಿಂತವರ ಕೈ ಬೇಗ ಓಡುತ್ತದೆ. ಮಿರ್ಚಿಯ ವಿಷಯದಲ್ಲಿ ರಿಯಾಯಿತಿ ಕೊಡಲು ಮನಸ್ಸಿಲ್ಲ, ಸ್ಲೀವ್ ಆದವರಲ್ಲಿ ಎದೆಯುರಿ ಸಾಮಾನ್ಯ, ಎಣ್ಣೆ ಮತ್ತು ಖಾರ ಅದನ್ನು ಕೆದಕುತ್ತವೆ. ಐದು ಕಿಲೋ ಏರಿಕೆ ದೊಡ್ಡದಲ್ಲ, ಹಾಗೆಂದು ಹತ್ತಾಗುವವರೆಗೆ ಕಾಯಬೇಡಿ. ತಿಂದದ್ದನ್ನು ಒಂದು ವಾರ ಹೊತ್ತಿನ ಸಮೇತ ಬರೆದಿಟ್ಟು, ಆ ಹಾಳೆಯೊಂದಿಗೆ ನಿಮ್ಮ ಶಸ್ತ್ರಚಿಕಿತ್ಸಕರನ್ನೂ ಆಹಾರ ತಜ್ಞರನ್ನೂ ಕಾಣಿರಿ. ಬಿ12, ಕಬ್ಬಿಣ ಮತ್ತು ಡಿ ಜೀವಸತ್ವದ ರಕ್ತಪರೀಕ್ಷೆ ಈ ವರ್ಷ ಆಗಿರದಿದ್ದರೆ ಅದೇ ಭೇಟಿಯಲ್ಲಿ ಮಾಡಿಸಿಕೊಳ್ಳಿ.