ಪ್ರತಿ: ರೋಮ್‌ನಲ್ಲಿ ಎರಡು ಆಲ್ಫ್ರೆಡೊ, ಮೂಲ ಯಾವುದು? ಸಸ್ಯಾಹಾರಿ ಅಪ್ಪ-ಅಮ್ಮನನ್ನು ಕರೆದೊಯ್ಯಬಹುದೇ?

ಆಲ್ಫ್ರೆಡೊ ಪಾಸ್ತಾಕ್ಕೆ ಹೆಸರಾದ ಎರಡು ಹೋಟೆಲುಗಳು ರೋಮ್‌ನಲ್ಲಿ ತಾವೇ ಮೂಲ ಎನ್ನುತ್ತವೆ, ತಲೆಮಾರುಗಳ ಕಥೆ ಇರುವ ನಿಜವಾದದ್ದು ಯಾವುದು ಎಂದು ಕೇಳಿದ್ದೀರಿ. ಈ ಗೊಂದಲಕ್ಕೆ ಕಾರಣ 1943ರ ಮಾರಾಟ. ಎರಡೂ ಕಡೆಯವರ ಮಾತಿನಲ್ಲಿ ನಿಜವಿದೆ. ಆಲ್ಫ್ರೆಡೊ ದಿ ಲೆಲಿಯೊ 1914ರಲ್ಲಿ ವಿಯಾ ಡೆಲ್ಲಾ ಸ್ಕ್ರೋಫಾದಲ್ಲಿ ಹೋಟೆಲು ತೆರೆದ. ಯುದ್ಧದ ನಡುವೆ ಅದನ್ನು ತನ್ನಲ್ಲೇ ಕೆಲಸಕ್ಕಿದ್ದವರಿಗೆ ಮಾರಿದ, ಹೆಸರೂ ಅಲ್ಲೇ ಉಳಿಯಿತು. 1950ರಲ್ಲಿ ಮಗ ಅರ್ಮಾಂಡೊ ಜೊತೆಗೂಡಿ ಪಿಯಾತ್ಸಾ ಅಗುಸ್ತೊ ಇಂಪೆರಾತೋರೆಯಲ್ಲಿ ಮತ್ತೊಂದನ್ನು ತೆರೆದ. ಅದೇ 'ಇಲ್ ವೆರೊ ಆಲ್ಫ್ರೆಡೊ', ಅಂದರೆ 'ನಿಜವಾದ ಆಲ್ಫ್ರೆಡೊ'. (ಹೆಸರಲ್ಲೇ ಜಗಳ ಇದೆ ನೋಡಿ.) ಮುಂದೆ ಅದು ಮೊಮ್ಮಗಳ ಕೈಗೆ ಬಂತು.

ಹಾಗಾಗಿ ಮೊದಲು ನಿಮಗೆ ಹಳೆಯ ಜಾಗ ಬೇಕೋ, ಮನೆತನದ ಕೈ ಬೇಕೋ ತೀರ್ಮಾನಿಸಿ. ನೀವು ಕೇಳಿದ್ದು ತಲೆಮಾರುಗಳ ಕಥೆಯಾದ್ದರಿಂದ ನನ್ನ ಮತ ಎರಡನೆಯದಕ್ಕೆ. ಬುಕ್ ಮಾಡುವಾಗ ಹೋಟೆಲಿನ ಹೆಸರನ್ನಲ್ಲ, ಬೀದಿಯ ಹೆಸರನ್ನು ನೋಡಿ. ಜನ ತಪ್ಪುವುದು ಇಲ್ಲೇ. ಮೆಟ್ರೊ ಎ ಲೈನಿನ ಸ್ಪಾನ್ಯಾದಲ್ಲಿ ಇಳಿದರೆ ಸ್ವಲ್ಪ ನಡಿಗೆ.

ಇನ್ನು ಊಟ. ಅಲ್ಲಿನ ಫೆತ್ತುಚೀನೆಯಲ್ಲಿ (ಚಪ್ಪಟೆ ಪಟ್ಟಿಯಂಥ ಪಾಸ್ತಾ) ಕ್ರೀಮೂ ಇಲ್ಲ, ಬೆಳ್ಳುಳ್ಳಿಯೂ ಇಲ್ಲ. ಬೆಣ್ಣೆ, ಪಾರ್ಮೆಜಾನ್ ಚೀಸ್, ಬಿಸಿ ಪಾಸ್ತಾ ಅಷ್ಟೇ. ಆದರೆ ಆ ಪಾಸ್ತಾದ ಹಿಟ್ಟಿಗೆ ಮೊಟ್ಟೆ ಹಾಕಿರುತ್ತಾರೆ, ಅಸಲಿ ಪಾರ್ಮೆಜಾನ್‌ಗೆ ಹಾಲು ಒಡೆಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಪ್ಪ-ಅಮ್ಮ ಕಟ್ಟುನಿಟ್ಟಾದರೆ ಇದನ್ನು ಮೊದಲೇ ಹೇಳಿಬಿಡಿ. ಅವರಿಗೆ ಮೊಟ್ಟೆಯಿಲ್ಲದ ಒಣ ಸ್ಪಗೆಟ್ಟಿಗೆ ಟೊಮೆಟೊ ಸಾಸ್ ಹಾಕಿ, ಚೀಸ್ ಬಿಟ್ಟು ಕೊಡಲು ಬುಕಿಂಗ್ ಹೊತ್ತಿಗೇ ಕೇಳಿ.